ಮಂಡಿ ಆಪರೇಷನ್ ಯಾವಾಗ? ಮನೆಯಲ್ಲಿ ಇನ್ನೊಬ್ಬರ ಆರೈಕೆ ನಿಮ್ಮ ಮೇಲಿರುವಾಗ

ಸವೆದ ಮಂಡಿಯ ಕೀಲನ್ನು ಬದಲಾಯಿಸಿಕೊಳ್ಳಬೇಕೇ ಎಂದು ವೈದ್ಯರನ್ನು ಕೇಳುವುದಕ್ಕೆ ಮೊದಲು, ಬೆಳಗಿನಿಂದ ರಾತ್ರಿಯವರೆಗೆ ನೀವು ಇನ್ನೊಬ್ಬರಿಗಾಗಿ ಮಾಡುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನೋವು ಹೇಗಿದೆ ಎಂದರೆ ‘ಪರವಾಗಿಲ್ಲ’ ಎನ್ನುವುದು ಆರೈಕೆ ಮಾಡುವವರಿಗೆ ರೂಢಿಯಾಗಿಬಿಟ್ಟಿರುತ್ತದೆ. ಹಾಳೆಯಲ್ಲಿ ಆ ಮಾತು ನಡೆಯುವುದಿಲ್ಲ. ಪಾರ್ಶ್ವವಾಯುವಾಗಿದ್ದ ನಮ್ಮ ತಂದೆಯವರನ್ನು ಎಬ್ಬಿಸುವಾಗ ಅಮ್ಮ ಎಡಗೈಯಲ್ಲಿ ಮಂಚದ ಅಂಚನ್ನು ಹಿಡಿದು, ಬಲಗಾಲನ್ನು ಮಡಿಸದೆ ನೆಟ್ಟಗಿಟ್ಟುಕೊಂಡು, ಭಾರವನ್ನೆಲ್ಲ ಸೊಂಟದ ಮೇಲೆ ಹಾಕುತ್ತಿದ್ದರು. ಅದು ಮಂಡಿಯನ್ನು ಕಾಪಾಡಿಕೊಳ್ಳುವ ಉಪಾಯವೆಂದು ನಮಗೆ ಗೊತ್ತಾದದ್ದು ಸೊಂಟವೂ ಹಿಡಿದುಕೊಂಡ ಮೇಲೆ.

ನಿಂತುಕೊಂಡು ತೆಗೆಸಿದ ಎಕ್ಸ್-ರೇಯಲ್ಲಿ ಮೂಳೆಗೆ ಮೂಳೆ ತಾಗಿರುವುದು ಕಂಡರೂ, ಅದೊಂದರಿಂದಲೇ ನಿರ್ಧಾರವಾಗಬಾರದು. ವ್ಯಾಯಾಮ, ಮಾತ್ರೆ, ತೂಕ ಇಳಿಸುವುದು ಇವೆಲ್ಲವನ್ನೂ ಕೆಲವು ತಿಂಗಳು ಸರಿಯಾಗಿ ಮಾಡಿಯೂ ರಾತ್ರಿಯ ನಿದ್ದೆ ಕೆಡುತ್ತಿದ್ದರೆ, ಮನೆಯೊಳಗಿನ ನಡಿಗೆಯೇ ಕಷ್ಟವಾಗುತ್ತಿದ್ದರೆ, ಆಗ ಶಸ್ತ್ರಚಿಕಿತ್ಸೆಯ ಮಾತು ಎತ್ತಬಹುದು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಹೊಸ ಕೀಲು ಬಹುಮಂದಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಆದರೂ ಹೆಚ್ಚುಕಡಿಮೆ ಐವರಲ್ಲಿ ಒಬ್ಬರಿಗೆ ಪೂರ್ಣ ಸಮಾಧಾನವಾಗುವುದಿಲ್ಲ. ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂರುವುದು, ಈಳಿಗೆಮಣೆಯ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು ಬಹುಪಾಲು ಬಿಟ್ಟಂತೆಯೇ ಸರಿ.

ಹೆಚ್ಚು ಯೋಚಿಸಬೇಕಾದದ್ದು ಚೇತರಿಕೆಯ ಕಾಲವನ್ನು. ಆಪರೇಷನ್ ಆದ ದಿನ ಅಥವಾ ಮರುದಿನವೇ ನಡೆಸುತ್ತಾರೆ ಎಂಬುದು ನಿಜ, ಆದರೆ ಅದು ವಾಕರ್ ಹಿಡಿದ ನಡಿಗೆ. ವಾಕರ್ ಅಥವಾ ಕೋಲಿನ ಆಸರೆ ನಾಲ್ಕರಿಂದ ಆರು ವಾರ ಬೇಕಾಗಬಹುದು, ಊತವೂ ಬಿಗಿತವೂ ಮೂರು ತಿಂಗಳಾದರೂ ಉಳಿಯಬಹುದು, ಪೂರ್ತಿ ಬಲ ಬರುವುದಕ್ಕೆ ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಎರಡು ಕೈಯಲ್ಲೂ ವಾಕರ್ ಹಿಡಿದವರು ಇನ್ನೊಬ್ಬರನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಲಾರರು. ಆದ್ದರಿಂದ ‘ಯಾವಾಗ ನಡೆಯುತ್ತೇನೆ’ ಎನ್ನುವುದರ ಜೊತೆಗೆ ‘ಎಪ್ಪತ್ತು ಕಿಲೋ ತೂಕದವರನ್ನು ಯಾವಾಗ ಎತ್ತಬಹುದು’ ಎಂದೂ ವೈದ್ಯರನ್ನು ಕೇಳಿ.

ಎರಡೂ ಮಂಡಿಗಳನ್ನು ಒಟ್ಟಿಗೇ ಮಾಡಿಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎನ್ನುವವರಿದ್ದಾರೆ. ಪ್ರಧಾನಿಯಾಗಿದ್ದ ಅಟಲ್ ಬಿಹಾರಿ ವಾಜಪೇಯಿಯವರು ಒಂದನ್ನು 2000ರ ಅಕ್ಟೋಬರ್‌ನಲ್ಲಿ, ಇನ್ನೊಂದನ್ನು 2001ರ ಜೂನ್‌ನಲ್ಲಿ ಮಾಡಿಸಿಕೊಂಡರು. ವಯಸ್ಸಾದ ಆರೈಕೆದಾರರಿಗೆ ನನ್ನ ಒಲವೂ ಒಂದೊಂದಾಗಿ ಎಂಬ ಕಡೆಗೇ. ನಿಲ್ಲಲು ಒಂದಾದರೂ ಪರಿಚಿತ ಕಾಲು ಇರುತ್ತದೆ.

ಸಕ್ಕರೆ ಕಾಯಿಲೆಯಿದ್ದರೆ ಹತೋಟಿಗೆ ತಂದುಕೊಳ್ಳಿ, ಹುಳುಕು ಹಲ್ಲಿಗೆ ಮೊದಲೇ ಚಿಕಿತ್ಸೆ ಮಾಡಿಸಿ, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ಮಂಡಿಗೆ ಹಾಕಿಸಿಕೊಂಡ ಸ್ಟೀರಾಯ್ಡ್ ಇಂಜೆಕ್ಷನ್ನಿನ ದಿನಾಂಕವನ್ನೂ ಮರೆಯದೆ ತಿಳಿಸಿ.

ಖರ್ಚಿನ ಲೆಕ್ಕ ಹೆಚ್ಚಾಗಿ ತಪ್ಪುವುದು ಮನೆಯ ಕಡೆ. ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು; ಸಾಮಾನ್ಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಅಂದು ತೆರಿಗೆ ಬಿಟ್ಟು 54,720 ರೂಪಾಯಿ. ಕೋಣೆ, ಔಷಧ, ಫಿಸಿಯೋಥೆರಪಿ ಬೇರೆಯೇ ಆದ್ದರಿಂದ ಒಟ್ಟು ಅಂದಾಜನ್ನು ಬರೆಸಿಕೊಳ್ಳಿ. ನಿಮ್ಮ ಬದಲಿಗೆ ಬರುವ ಹೋಂ ನರ್ಸ್‌ನ ಮೂರು ತಿಂಗಳ ಸಂಬಳವನ್ನೂ ಅದಕ್ಕೆ ಸೇರಿಸಿ; ವಿಮೆ ಅದನ್ನು ಕೊಡುತ್ತದೆಂದು ನಂಬಿ ಕೂರಬೇಡಿ.

ದಿನಾಂಕ ಗೊತ್ತುಮಾಡುವ ಮೊದಲು, ಬದಲಿ ಬರುವವರು ಒಂದು ವಾರ ನಿಮ್ಮ ಕೆಲಸಗಳನ್ನೆಲ್ಲ ಮಾಡಲಿ. ನೀವು ಪಕ್ಕದಲ್ಲಿ ಸುಮ್ಮನೆ ಕುಳಿತಿರಿ. ತಂದೆಯವರು ಮಾತ್ರೆಯನ್ನು ರಾಗಿ ಅಂಬಲಿಯಲ್ಲಿ ಕೊಟ್ಟರೆ ಮಾತ್ರ ನುಂಗುತ್ತಾರೆ ಎಂಬುದು ಅಮ್ಮನ ಹಾಳೆಯಲ್ಲಿರಲಿಲ್ಲ. ಮೂರನೆಯ ದಿನ ದಿಂಬಿನ ಕೆಳಗೆ ಮಾತ್ರೆಗಳು ಸಿಕ್ಕಾಗ ಸೇರಿಸಿದೆವು. ಆ ವಾರ ಸರಿಹೋಗದಿದ್ದರೆ ದಿನಾಂಕವನ್ನು ಒಂದೆರಡು ತಿಂಗಳು ಮುಂದೂಡಬಹುದು, ಇದು ತುರ್ತು ಆಪರೇಷನ್ ಅಲ್ಲ. ವರ್ಷಗಟ್ಟಲೆ ಮುಂದೂಡಿದರೆ ಮಾತ್ರ ತೊಡೆಯ ಸ್ನಾಯು ಸೊರಗಿ ಚೇತರಿಕೆ ನಿಧಾನವಾಗುತ್ತದೆ.