100 ಬೀಜಕ್ಕೆ 14 ಸಸಿ: ಸರ್ಪಗಂಧಿ ಬೆಳೆಸಿದ ನನ್ನ ಅನುಭವ

ಸರ್ಪಗಂಧಿ ಒಂದು ಔಷಧಿ ಗಿಡ, ಸೂತ್ರನಾಭಿ ಅಂತಲೂ ಹೆಸರಿದೆ. ದೊಡ್ಡಪ್ಪನ ಕಾಲದಲ್ಲಿ ಶಿರಸಿ ಕಡೆಯ ನಮ್ಮ ಸೊಪ್ಪಿನ ಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡು) ಇದು ಬೇಕಾದಷ್ಟಿತ್ತಂತೆ. ಬೆಲೆ ಇರುವುದು ಬೇರಿಗೆ. ಹಾಗಾಗಿ ಬಂದವರೆಲ್ಲ ಬುಡಸಮೇತ ಕಿತ್ತೊಯ್ದರು. ನಾನು ಹುಡುಕಿದಾಗ ಸಿಕ್ಕಿದ್ದು ಮೂರೇ ಗಿಡ. ಅವನ್ನು ಮುಟ್ಟದೆ ಹಣ್ಣಿಗಾಗಿ ಕಾದೆ.

ಹಣ್ಣು ಕಪ್ಪಗಾದರೆ ಹಕ್ಕಿ ಬಿಡುವುದಿಲ್ಲ. ಹಳೇ ಸೊಳ್ಳೆಪರದೆ ಕಟ್ಟಿದೆ. ಹಣ್ಣನ್ನು ಬೂದಿಯಲ್ಲಿ ಉಜ್ಜಿ, ತೊಳೆದು, ನೆರಳಲ್ಲಿ ಆರಿಸಿ 100 ಬೀಜ ಹಾಕಿದೆ. ಹುಟ್ಟಿದ್ದು 14! ಒಡೆದು ನೋಡಿದರೆ ಎಷ್ಟೋ ಬೀಜ ಒಳಗೆ ಪೊಳ್ಳು. ಮರುವರ್ಷ ರಾತ್ರಿಯಿಡೀ ನೆನೆಸಿ, ತೇಲಿದ್ದನ್ನು ಚೆಲ್ಲಿ, ಮುಳುಗಿದ್ದನ್ನಷ್ಟೇ ಬಿತ್ತಿದೆ. ಹತ್ತಕ್ಕೆ ನಾಲ್ಕು ಬಂದವು. ಬೇರಿನ ತುಂಡನ್ನೂ ಮರಳಲ್ಲಿ ನೆಟ್ಟು ನೋಡಿದೆ. ಅರ್ಧದಷ್ಟು ಚಿಗುರಿದವು.

ಅಡಿಕೆ ತೋಟದ ಅರೆನೆರಳು ಇದಕ್ಕೆ ಹೊಂದುತ್ತದೆ, ಆದರೆ ನೀರು ನಿಂತರೆ ಆಗದು. ತಗ್ಗಿನಲ್ಲಿ ನೆಟ್ಟಿದ್ದೆಲ್ಲ ಮೊದಲ ಮಳೆಗಾಲದಲ್ಲೇ ಕೊಳೆಯಿತು.

ಬೇರು ಅಗೆದದ್ದು ಎರಡೂವರೆ ವರ್ಷಕ್ಕೆ, ಎಲೆ ಉದುರುವ ಚಳಿಗಾಲದಲ್ಲಿ. ಬೇರಿನಲ್ಲಿ ಆಲ್ಕಲಾಯ್ಡ್, ಅಂದರೆ ಔಷಧಿಯ ಅಂಶ, ಜಾಸ್ತಿ ಇರುವುದು ಆಗಲೇ. ಹಿಂದಿನ ಸಂಜೆ ನೀರು ಬಿಟ್ಟಿದ್ದರಿಂದ ಬೇರು ತುಂಡಾಗದೆ ಬಂತು. ತೊಳೆಯಲು ಬಂದಾತ ಮಾತ್ರ ಶುಂಠಿ ಹೆರೆದಂತೆ ನೀಟಾಗಿ ತೊಗಟೆ ಹೆರೆಯುತ್ತಾ ಕೂತಿದ್ದ! ಔಷಧಿಯ ಬಹುಪಾಲು ಇರುವುದೇ ತೊಗಟೆಯಲ್ಲಿ. ಎರಡು ಕಿಲೋ ಹಾಳಾಯಿತು, ತಪ್ಪು ಹೇಳಿಕೊಡದ ನನ್ನದೇ. ಅಂದಹಾಗೆ, ಹೆಸರಲ್ಲಿ ಗಂಧ ಇದ್ದರೂ ಒಣಗಿದ ಬೇರಿಗೆ ವಾಸನೆಯೇ ಇಲ್ಲ. ಬರೀ ಕಹಿ.

ಬೇರು ಒಣಹಾಕಿದ್ದು ನೋಡಿ ದೊಡ್ಡಪ್ಪ ಬಂದರು. "ತಮ್ಮಾ, ಬಿಪಿಗೆ ಒಳ್ಳೇದಂತೆ. ಒಂದು ತುಂಡು ಕೊಡು, ತೇಯ್ದು ಕುಡೀತೇನೆ."

ಅವರು ಹೇಳಿದ್ದು ಸುಳ್ಳಲ್ಲ. ರಕ್ತದೊತ್ತಡಕ್ಕೆ ಈ ಬೇರು ಕೊಟ್ಟು ನೋಡಿದ್ದನ್ನು ಮುಂಬೈನ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಇದರಿಂದ ಬಿಪಿ ಇಳಿಸುವ ರೆಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಿದರು. ಆದರೆ ಅದು ನಿಧಾನಕ್ಕೆ ಏರುವ ಮದ್ದು, ನಿಲ್ಲಿಸಿದರೂ ಎಷ್ಟೋ ದಿನ ಮೈಯಲ್ಲಿ ಕೆಲಸ ಮಾಡುತ್ತದೆ. ಕೆಲವರಿಗೆ ಮನಸ್ಸೂ ಕುಗ್ಗುತ್ತದೆ. ದೊಡ್ಡಪ್ಪ ಆಗಲೇ ದಿನಾ ಬಿಪಿ ಮಾತ್ರೆ ನುಂಗುವವರು. ಒಂದು ತುಂಡು ಬೇರಿನಲ್ಲಿ ಎಷ್ಟು ಮದ್ದಿದೆ ಅಂತ ನನಗಾಗಲಿ ಅವರಿಗಾಗಲಿ ಹೇಗೆ ಗೊತ್ತಾಗಬೇಕು?

"ಡಾಕ್ಟರನ್ನು ಕೇಳದೆ ಕೊಡೋದಿಲ್ಲ ದೊಡ್ಡಪ್ಪ" ಅಂದೆ.

"ಊರಿಗೆಲ್ಲ ಮಾರ್ತೀಯ, ನನಗೆ ಕೊಡೋದಿಲ್ಲ!" ಅಂತ ಸಿಟ್ಟಾದರು. ಚಹಾ ಕುಡಿದರು. ಹೋಗುವಾಗ ಎರಡು ಸಸಿ ಕೇಳಿ ಒಯ್ದರು. ಅದರ ಬೇರು ಬಲಿಯುವುದಕ್ಕೂ ಎರಡು ವರ್ಷ ಬೇಕು.