ಮಾರ್ಕೇರಿಯನ್ 421ರ ಎರಡು ದಿಬ್ಬಗಳು, ನನ್ನ ಲ್ಯಾಪ್‌ಟಾಪ್‌ನಲ್ಲಿ

ಬ್ಲೇಜಾರ್ ಅಂದರೆ ನಡುವಿನ ಕಪ್ಪುಕುಳಿಯಿಂದ ಚಿಮ್ಮುವ ಜೆಟ್ ನಮ್ಮತ್ತಲೇ ತಿರುಗಿರುವ ಗ್ಯಾಲಕ್ಸಿ. ಮಾರ್ಕೇರಿಯನ್ 421 ಅಂಥದ್ದೊಂದು, ಅದರ ರೋಹಿತದಲ್ಲಿ ಎರಡು ದಿಬ್ಬಗಳಿವೆ. ಕಾಲದೊಂದಿಗೆ ಬದಲಾಗುವ ಬ್ಲೇಜಾರ್ ಮಾದರಿಯನ್ನು, ಅದೂ ಕ್ಲೈನ್–ನಿಶಿನಾ ಸೂತ್ರವನ್ನು (ಹೆಚ್ಚಿನ ಶಕ್ತಿಯಲ್ಲೂ ಎಲೆಕ್ಟ್ರಾನ್ ಬೆಳಕನ್ನು ಚದುರಿಸುವ ಬಗೆ ಹೇಳುವಂಥದ್ದು) ಪೂರ್ತಿ ಇಟ್ಟುಕೊಂಡು, ಲ್ಯಾಪ್‌ಟಾಪ್‌ನಲ್ಲಿ ಓಡಿಸುವುದು ಆಗದ ಮಾತು ಎಂದು ನಮ್ಮ ಗುಂಪಿನಲ್ಲಿ ಎಲ್ಲರೂ ಹೇಳಿದ್ದರು. ಈಗ ನನ್ನ ಕೋಡ್ ಒಂದು ಜ್ವಾಲೆಯ, ಅಂದರೆ ಬೆಳಕಿನ ಹಠಾತ್ ಉಬ್ಬರದ, ಏರಿಳಿತವನ್ನು ಸುಮಾರು ನಾಲ್ಕು ನಿಮಿಷದಲ್ಲಿ ಮುಗಿಸುತ್ತದೆ. ಹಿಂದೆ ಇದಕ್ಕೆ ರಾತ್ರಿಯಿಡೀ ಬೇಕಿತ್ತು.

ಎಲೆಕ್ಟ್ರಾನ್‌ಗಳ ಶಕ್ತಿ ಹಂಚಿಕೆ ಬದಲಾಗುವುದನ್ನು ಲೆಕ್ಕ ಹಾಕಲು ಮೊದಲು ಕೇಂದ್ರ ವ್ಯತ್ಯಾಸದ (ಎರಡೂ ಪಕ್ಕದ ಬಿಂದುಗಳ ಅಂತರದಿಂದ ಬದಲಾವಣೆ ತೆಗೆಯುವ) ನೇರ ವಿಧಾನ ಹಿಡಿದೆ. ಗಾಮಾ, ಅಂದರೆ ಎಲೆಕ್ಟ್ರಾನಿನ ಶಕ್ತಿ ಅದರ ನಿಶ್ಚಲ ಶಕ್ತಿಯ ಎಷ್ಟು ಪಟ್ಟು ಎಂಬ ಸಂಖ್ಯೆ, ಹತ್ತು ಲಕ್ಷ ದಾಟಿದಲ್ಲಿ ಎಲೆಕ್ಟ್ರಾನ್ ಸಂಖ್ಯೆ ಸೊನ್ನೆಗಿಂತ ಕೆಳಗಿಳಿಯಿತು. ಕಾಲದ ಹೆಜ್ಜೆ ಕಿರಿದು ಮಾಡಿದೆ, ಬಾಡಿಗೆ ಸರ್ವರ್‌ನ ಗಂಟೆಗಳು ಏರಿದವು. ವರ್ಷಕ್ಕೆಂದು ಇಟ್ಟಿದ್ದ ಹಣದ ಮುಕ್ಕಾಲು ಪಾಲು ಮೂರೇ ತಿಂಗಳಲ್ಲಿ ಕರಗಿತು. ತೋರಿಸಲು ಒಂದು ರೋಹಿತವೂ ಕೈಯಲ್ಲಿರಲಿಲ್ಲ. ಆ ದಿನಗಳು ಇನ್ನೂ ನೋಯುತ್ತವೆ. 1970ರ ಚಾಂಗ್–ಕೂಪರ್ ವಿಧಾನಕ್ಕೆ ಬಂದ ಮೇಲೆ ಋಣ ಸಂಖ್ಯೆಗಳ ಕಾಟ ತಪ್ಪಿತು.

ಆದರೆ ಹಣ ತಿನ್ನುತ್ತಿದ್ದುದು ಬೇರೆಯೇ. ಪ್ರತಿ ಹೆಜ್ಜೆಯಲ್ಲೂ ಕಾಂಪ್ಟನ್ ಚದುರಿಕೆಯ (ಎಲೆಕ್ಟ್ರಾನ್ ಡಿಕ್ಕಿಯಲ್ಲಿ ಬೆಳಕಿನ ಕಣವಾದ ಫೋಟಾನಿಗೆ ಶಕ್ತಿ ಕೊಡುವುದು) ಅನುಕಲವನ್ನು ಹೊಸದಾಗಿ ಲೆಕ್ಕ ಹಾಕುತ್ತಿದ್ದೆ. ಕ್ಲೈನ್–ನಿಶಿನಾವನ್ನು ಒಳಗೊಂಡ ಜೋನ್ಸ್ ಸೂತ್ರದಲ್ಲಿರುವುದು ಎಲೆಕ್ಟ್ರಾನಿನ ಶಕ್ತಿ, ಒಳಬರುವ ಫೋಟಾನಿನದು, ಹೊರಹೋಗುವ ಫೋಟಾನಿನದು, ಅಷ್ಟೇ. ಕಾಲಕ್ಕೆ ಅಲ್ಲಿ ಜಾಗವಿಲ್ಲ. ಹಾಗಾಗಿ 200×200×300 ಕೋಷ್ಟಕವನ್ನು ಒಮ್ಮೆ ಕಟ್ಟಿಟ್ಟೆ. ನೂರು ಎಂಬಿ ಆಸುಪಾಸು. ಉಳಿದದ್ದು ಬರೀ ಗುಣಾಕಾರ. ಕೋಷ್ಟಕದ ಅಂಚಿನಲ್ಲಿ, ಅಂದರೆ ಫೋಟಾನ್ ಪಡೆಯಬಹುದಾದ ಗರಿಷ್ಠ ಶಕ್ತಿಯ ಬಳಿ, ಮೌಲ್ಯಗಳನ್ನು ಹೇಗೆ ಸರಿಪಡಿಸಿದೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆದರೂ ಎಲೆಕ್ಟ್ರಾನ್‌ಗಳು ಕಳೆದುಕೊಂಡ ಶಕ್ತಿಗೂ ಹೊರಬಿದ್ದ ವಿಕಿರಣಕ್ಕೂ ತಾಳೆಯಾಗಲಿಲ್ಲ. ಎಂಟೊಂಬತ್ತು ಪ್ರತಿಶತ ಅಂತರ. ವಾರಗಟ್ಟಲೆ ತಡಕಾಡಿದೆ. ವಿಕಿರಣಕ್ಕೆ ಪೂರ್ಣ ಸೂತ್ರ ಬಳಸಿ, ತಂಪಾಗುವಿಕೆಗೆ ಮಾತ್ರ ಹಳೆಯ, ಕಡಿಮೆ ಶಕ್ತಿಗಷ್ಟೇ ಸರಿಯಾದ ಥಾಮ್ಸನ್ ಸೂತ್ರವನ್ನೇ ಬಿಟ್ಟಿದ್ದೆ! ಎಲೆಕ್ಟ್ರಾನ್‌ಗಳು ಅಕಾಲದಲ್ಲಿ ತಣ್ಣಗಾಗಿ ಎಕ್ಸ್‌-ಕಿರಣದ ದಿಬ್ಬ ಕುಸಿಯುತ್ತಿತ್ತು. ನಷ್ಟವನ್ನೂ ಅದೇ ಕೋಷ್ಟಕದಿಂದ ತೆಗೆದಾಗ ಅಂತರ ಒಂದು ಪ್ರತಿಶತಕ್ಕಿಂತ ಕೆಳಗಿಳಿಯಿತು. ಈ ತಾಳೆ ನೋಡದ ಯಾವ ಕೋಡನ್ನೂ ನಾನು ನಂಬುವುದಿಲ್ಲ.

ನಡುವೆ ಪ್ರೋಟಾನ್‌ಗಳನ್ನೂ ಸೇರಿಸಿ ನೋಡಿದೆ. ಪ್ರೋಟಾನ್‌ಗಳಿದ್ದರೆ ಮಾತ್ರ ಜೆಟ್ಟಿನಲ್ಲಿ ಅಂಥ ನ್ಯೂಟ್ರಿನೊಗಳು ಹುಟ್ಟುತ್ತವೆ; 2017ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಧ್ರುವದ ಐಸ್‌ಕ್ಯೂಬ್ ಪತ್ತೆಯಂತ್ರ ಹಿಡಿದ ನ್ಯೂಟ್ರಿನೊ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್‌ನ ದಿಕ್ಕಿನಿಂದ ಬಂದಾಗಿನಿಂದ ಆ ಆಸೆ ಇತ್ತು. ಜೆಟ್ಟಿಗೆ ಬೇಕಾದ ಪ್ರೋಟಾನ್ ಶಕ್ತಿ ಎಡಿಂಗ್ಟನ್ ಮಿತಿಯನ್ನೂ (ಕಪ್ಪುಕುಳಿಯ ದ್ರವ್ಯರಾಶಿಗೆ ತಕ್ಕ ಗರಿಷ್ಠ ಪ್ರಕಾಶ) ಮೀರಿತು, ಬದಿಗಿಟ್ಟೆ.

ಕೊನೆಗೆ ಮಾರ್ಕೇರಿಯನ್ 421. ಕಾಂತಕ್ಷೇತ್ರ 0.05 ಗೌಸ್ ಹತ್ತಿರ, ಜೆಟ್ಟಿನ ವೇಗದಿಂದ ಬೆಳಕಿನ ಶಕ್ತಿ ಎಷ್ಟು ಪಟ್ಟು ಏರುತ್ತದೆ ಎನ್ನುವ ಡಾಪ್ಲರ್ ಗುಣಾಂಕ 25ರ ಸುತ್ತ. ಎಕ್ಸ್‌-ಕಿರಣದ ದಿಬ್ಬ, ಟೆರಾ ಎಲೆಕ್ಟ್ರಾನ್ ವೋಲ್ಟ್ ಬಳಿಯ ದಿಬ್ಬ ಎರಡೂ ತಮ್ಮ ಜಾಗದಲ್ಲಿ ನಿಂತವು. ಅತಿ ಹೆಚ್ಚು ಸಂಶಯಪಟ್ಟಿದ್ದ ಸಹೋದ್ಯೋಗಿಯೇ ಕಳೆದ ವಾರ ಕೋಡ್ ಕೇಳಿ ಪಡೆದರು.