ಮೊದಲ ಬಸ್ಸಿನ ಹೊತ್ತು

"ಕೆಲಸಕ್ಕೆ ಹೋಗಲು ಎಷ್ಟು ಹೊತ್ತು ಹಿಡಿಯುತ್ತದೆ?" ಎಂದು ನಮ್ಮ ಬಡಾವಣೆಯ ಮನೆಗೆಲಸದ ಹೆಂಗಸರನ್ನು ಕೇಳಿದರೆ ಹೆಚ್ಚಿನವರು ಹೇಳುತ್ತಿದ್ದುದು ಒಂದೇ ಮಾತು: "ಒಂದು ಗಂಟೆ ಅಕ್ಕ." ನಾನು ಅದನ್ನೇ ನಂಬಿ ನನ್ನ ಪ್ರಶ್ನಾವಳಿಯಲ್ಲಿ ಬರೆದುಕೊಂಡಿದ್ದೆ. ಆ ಉತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಕಾಣೆಯಾಗಿದೆ ಎಂದು ತಿಳಿದದ್ದು 2023ರ ಮಳೆಗಾಲದಲ್ಲಿ, ಅವರಲ್ಲೊಬ್ಬರ ಜೊತೆ ನಾನೇ ನಸುಕಿನಲ್ಲಿ ಹೊರಟ ದಿನ.

ಬೆಂಗಳೂರಿನ ಸರ್ಜಾಪುರ ರಸ್ತೆಯಿಂದ ಒಳಕ್ಕೆ ಹೋದರೆ ಸಿಗುವ ಪುನರ್ವಸತಿ ಬಡಾವಣೆ ಅದು. ನಗರದ ನಡುವಿನ ಕೊಳೆಗೇರಿಯಿಂದ ಎಬ್ಬಿಸಿದ ಕುಟುಂಬಗಳಿಗೆ ಅಲ್ಲಿ ಮನೆ ಕೊಟ್ಟಿದ್ದರು. ಹಿಂದೆ ಈ ಹೆಂಗಸರು ಕೋರಮಂಗಲದ ಮನೆಗೆಲಸಕ್ಕೆ ನಡೆದೇ ಹೋಗುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು ಮಗುವಿಗೆ ಉಣ್ಣಿಸಿ ಮತ್ತೆ ಹೋಗುವಷ್ಟು ಹತ್ತಿರ. ಈಗ ಮನೆಗೆ ಗಟ್ಟಿ ಸೂರು ಬಂದಿದೆ, ಕೆಲಸ ಮಾತ್ರ ಹಳೆಯ ಜಾಗದಲ್ಲೇ ಉಳಿದಿದೆ.

ಅಂದು ನಾವು ನಾಲ್ಕು ಐವತ್ತಕ್ಕೆ ಹೊರಟೆವು. ಬೀದಿದೀಪ ಬಡಾವಣೆಯ ಗೇಟಿನವರೆಗೆ ಮಾತ್ರ. ಅಲ್ಲಿಂದ ಮುಖ್ಯರಸ್ತೆಗೆ ಕೆಸರಿನ ಹಾದಿ. ಅವರು ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ನಡೆದರು. ಬಸ್ ನಿಲ್ದಾಣ ಬಂದ ಮೇಲೆ ಬಾಟಲಿಯಲ್ಲಿ ತಂದಿದ್ದ ನೀರಿನಿಂದ ಕಾಲು ತೊಳೆದು, ಸೆರಗಿನ ತುದಿಯಿಂದ ಒರೆಸಿ, ಚಪ್ಪಲಿ ಹಾಕಿಕೊಂಡರು. "ಈ ಕಾಲಲ್ಲಿ ಅವರ ಮನೆಯೊಳಗೆ ಹೇಗೆ ಹೋಗಲಿ ಅಕ್ಕ?" ಎಂದರು. ಆಗ ಐದೂಕಾಲು. ಬಸ್ ಬಂದದ್ದು ಐದು ಐವತ್ತಕ್ಕೆ. ನಡುವೆ ಒಂದು ಕಡೆ ಇಳಿದು ಇನ್ನೊಂದು ಬಸ್ ಹತ್ತಿ, ಅಪಾರ್ಟ್‌ಮೆಂಟಿನ ಹಿಂದಿನ ಗೇಟಿನಲ್ಲಿ ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿ ಒಳಗೆ ಹೋಗುವಾಗ ಏಳು ಗಂಟೆ. ಎರಡು ಗಂಟೆ ಹತ್ತು ನಿಮಿಷ.

ಒಂದು ಗಂಟೆ ಎಂದಿರಲ್ಲ ಎಂದು ಕೇಳಿದೆ. ಅವರು ಹೇಳಿದ್ದು ಬಸ್ಸಿನೊಳಗೆ ಕಳೆದ ಹೊತ್ತು ಮಾತ್ರ. "ಕಾಯುವುದೂ ಲೆಕ್ಕಕ್ಕೆ ಬರುತ್ತದೆಯೇ ಅಕ್ಕ?"

ಆ ದಿನವೇ ಹಳೆಯ ಪ್ರಶ್ನಾವಳಿಯನ್ನು ಬದಿಗಿಟ್ಟೆ. ಉದ್ದ ಗೆರೆಯ ನೋಟ್‌ಪುಸ್ತಕ ತಂದು ಪ್ರತಿ ಪುಟದಲ್ಲೂ ಚಿತ್ರಗಳ ಕೆಳಗೆ ಕಲಂ ಎಳೆದೆ: ಮನೆ, ನಡೆಯುವ ಕಾಲು, ನಿಲ್ದಾಣ, ಬಸ್, ಕೆಲಸದ ಮನೆ. ಮೊಬೈಲ್ ನೋಡಿ ಹೊತ್ತು ನೆನಪಿಟ್ಟುಕೊಳ್ಳುವುದು ಹೆಂಗಸರ ಕೆಲಸ, ಸಂಜೆ ಬರೆಯುವುದು ಅವರ ಮಕ್ಕಳ ಕೆಲಸ. ಹನ್ನೆರಡು ಮನೆಗಳಲ್ಲಿ ಒಂದು ತಿಂಗಳು ನಡೆಯಿತು. ಕೊನೆಗೊಂದು ಕಲಂ ಸುಮ್ಮನೆ ಸೇರಿಸಿದ್ದೆ: "ಇವತ್ತು ಹೋದದ್ದು." ಉಳಿದೆಲ್ಲಕ್ಕಿಂತ ಅದೇ ಭಾರವಾಯಿತು. ತಡವಾಗಿದ್ದಕ್ಕೆ ಅರ್ಧ ದಿನದ ಸಂಬಳ ಹೋಯಿತು. ರೇಷನ್ ಅಂಗಡಿ ಮುಚ್ಚಿತ್ತು. ಮಗುವಿಗೆ ಜ್ವರವಿತ್ತು, ಆಸ್ಪತ್ರೆ ನಾಳೆಗೆ ಹೋಯಿತು. ಏಳು ಗಂಟೆಯ ಮನೆ ಕೈತಪ್ಪಿತು, ಹತ್ತಿರದಲ್ಲೇ ಇರುವ ಬೇರೆಯವರು ಸಿಕ್ಕರಂತೆ. ಏಳನೆಯ ತರಗತಿಯ ಹುಡುಗಿಯ ದುಂಡು ಅಕ್ಷರದಲ್ಲಿ ಅಮ್ಮನ ಕೆಲಸ ಹೋದ ಸುದ್ದಿ ಓದುವುದು ಕಷ್ಟವಾಯಿತು.

ನಕ್ಷೆ ಬಿಡಿಸುವವರಿಗೆ ದೂರವೆಂದರೆ ಕಿಲೋಮೀಟರ್. ಈ ಹೆಂಗಸರು ಅದನ್ನು ನಿದ್ದೆಯಲ್ಲಿ, ಕೂಲಿಯಲ್ಲಿ, ಮಗುವಿನ ಊಟದಲ್ಲಿ ತೆರುತ್ತಾರೆ. ಬಸ್ ಬಾರದ ಕಡೆ ಜಮೀನು ಅಗ್ಗ, ಅಗ್ಗದ ಜಮೀನಿನಲ್ಲೇ ಬಡವರ ಮನೆ. ಮನೆ ಕಟ್ಟುವ ಇಲಾಖೆ ಬೇರೆ, ಬಸ್ ಓಡಿಸುವ ಸಂಸ್ಥೆ ಬೇರೆ. ನಗರ ಎಲ್ಲಿ, ಹೇಗೆ ಬೆಳೆಯಬೇಕೆಂದು ಹೇಳುವ, 2007ರಲ್ಲಿ ಒಪ್ಪಿಗೆ ಪಡೆದ 2015ರವರೆಗಿನ ಮಾಸ್ಟರ್ ಪ್ಲಾನೇ ಅದರ ಗಡುವು ಮುಗಿದ ಮೇಲೂ ಈ ಊರನ್ನು ಆಳುತ್ತಿದೆ; 2031ರವರೆಗಿನ ಹೊಸ ಪ್ಲಾನಿನ ಕರಡನ್ನು ಹಿಂಪಡೆಯಲಾಯಿತು. 2013ರ ಜನವರಿಯಲ್ಲಿ ಕೋರಮಂಗಲದ ಪಕ್ಕದ ಈಜೀಪುರದ ಬಡವರ ಮನೆಗಳನ್ನು ಕೆಡವಿದಾಗ ನೂರಾರು ಕುಟುಂಬಗಳು ಬೀದಿಗೆ ಬಿದ್ದದ್ದನ್ನು ಕಂಡವರಿಗೆ ಇದು ಹೊಸ ಕಥೆಯಲ್ಲ.

ನೋಟ್‌ಪುಸ್ತಕ ಹಿಡಿದು ಬಸ್ ಡಿಪೋಗೆ ಹೋದ ಮೊದಲ ಸಲ ನಮ್ಮ ಮನವಿಯಲ್ಲಿ ಬರೆದಿದ್ದು "ಹೆಚ್ಚು ಬಸ್ ಬಿಡಿ" ಎಂದು. ಅಂಥ ಮನವಿಗಳು ಕಪಾಟು ತುಂಬ ಇರುತ್ತವೆ. ತಿಂಗಳುಗಟ್ಟಲೆ ಉತ್ತರ ಬರಲಿಲ್ಲ. ದಾರಿ ತೋರಿಸಿದವರು ಪಕ್ಕದ ಹಳ್ಳಿಯ ನಿವೃತ್ತ ಚಾಲಕರೊಬ್ಬರು. ಅವರ ಜಗಲಿಯ ಮೇಲೆ ಕೂತು ಕಲಿತದ್ದು ನನಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ. ಡಿಪೋದವರು ಯೋಚಿಸುವುದು ಶೆಡ್ಯೂಲ್ ಲೆಕ್ಕದಲ್ಲಿ, ಅಂದರೆ ಒಂದು ಬಸ್ಸಿನ ಇಡೀ ದಿನದ ಓಡಾಟದ ಲೆಕ್ಕದಲ್ಲಿ. ಬೆಳಗಿನ ಬಸ್ ಡಿಪೋದಿಂದ ಖಾಲಿ ಬಂದರೆ ಅದು ಡೆಡ್ ಕಿಲೋಮೀಟರ್, ಡೀಸೆಲ್ ನಷ್ಟ. ಅದಕ್ಕೇ ನೈಟ್ ಔಟ್ ಬಸ್ಸುಗಳಿರುವುದು: ರಾತ್ರಿ ಕೊನೆಯ ಟ್ರಿಪ್ ಮುಗಿಸಿ ಹಳ್ಳಿಯಲ್ಲೇ ನಿಂತು, ಬೆಳಗ್ಗೆ ಅಲ್ಲಿಂದಲೇ ಹೊರಡುತ್ತವೆ. ಅಂಥದೊಂದು ಬಸ್ ನಮ್ಮ ಬಡಾವಣೆಯಿಂದ ಆಚೆ ಮೂರೇ ಕಿಲೋಮೀಟರ್ ದೂರದಲ್ಲಿ ದಿನವೂ ನಿಲ್ಲುತ್ತಿತ್ತು.

ಎರಡನೆಯ ಮನವಿ ಒಂದೇ ಪುಟ. ಆ ಬಸ್ ರಾತ್ರಿ ನಮ್ಮ ಗೇಟಿನ ಬಳಿ ನಿಲ್ಲಲಿ, ಬೆಳಗ್ಗೆ ಐದು ಹತ್ತಕ್ಕೆ ಅಲ್ಲಿಂದಲೇ ಹೊರಟು ಹಳ್ಳಿಯನ್ನೂ ಮುಟ್ಟಿ ಹೋಗಲಿ. ಹೊಸ ಬಸ್ ಬೇಡ, ಹೊಸ ಸಿಬ್ಬಂದಿ ಬೇಡ. ಚಾಲಕ, ನಿರ್ವಾಹಕರು ಮಲಗಲು ಸಮುದಾಯ ಭವನದ ಕೋಣೆ, ಕುಡಿಯುವ ನೀರು, ಶೌಚಾಲಯ ನಾವು ಕೊಡುತ್ತೇವೆ ಎಂದು ಬರೆದೆವು. ಮೊದಲ ಸಲ ಅಧಿಕಾರಿ ಕುರ್ಚಿ ಎಳೆದು ಕೂರಿಸಿದರು.

ಆದರೂ ಅವರಿಗೊಂದು ಅನುಮಾನ: ಅಷ್ಟು ಹೊತ್ತಿಗೆ ಹತ್ತುವವರು ಯಾರು? ಇಲ್ಲಿ ಶಕ್ತಿ ಯೋಜನೆ ನೆರವಿಗೆ ಬಂತು. ಅದನ್ನು ಬರಿಯ ಉಚಿತ ಪ್ರಯಾಣವೆಂದು ನೋಡುವವರಿಗೆ ಈ ಮಾತು ಹೇಳಲೇಬೇಕು. ಹಿಂದೆ ತಿಂಗಳ ಪಾಸ್ ತೋರಿಸಿ ಹತ್ತಿದ ಹೆಂಗಸು ಆ ನಿಲ್ದಾಣದ ಲೆಕ್ಕದಲ್ಲಿ ಇರುತ್ತಲೇ ಇರಲಿಲ್ಲ. 2023ರ ಜೂನ್ 11ರಿಂದ ಪ್ರತಿ ಹೆಂಗಸಿಗೂ ಶೂನ್ಯ ದರದ ಟಿಕೆಟ್ ಕೊಡಬೇಕಾಯಿತು. ಎಲ್ಲಿ ಹತ್ತಿದರು ಎಂಬುದು ಯಂತ್ರದಲ್ಲಿ ದಾಖಲಾಯಿತು. ಮುಖ್ಯರಸ್ತೆಯ ನಿಲ್ದಾಣದ ಐದು ಐವತ್ತರ ಟಿಕೆಟ್‌ಗಳನ್ನು ಅವರೇ ತೆಗೆಸಿ ನೋಡಿದರು. ನಮ್ಮ ಮಕ್ಕಳ ನೋಟ್‌ಪುಸ್ತಕಕ್ಕೂ ಅದಕ್ಕೂ ತಾಳೆಯಾಯಿತು.

ಬಸ್ ಶುರುವಾದ ದಿನ ಸಮುದಾಯ ಭವನದ ಎದುರು ಹಂಡೆಯಲ್ಲಿ ಚಹಾ ಕಾಯಿಸಿದ್ದರು. ಚಪ್ಪಲಿ ಚೀಲದಲ್ಲಿ ಸುತ್ತುತ್ತಿದ್ದ ಆ ಅಮ್ಮ ಈಗ ಆರೂವರೆಗೆ ಕೆಲಸದ ಮನೆ ಸೇರುತ್ತಾರೆ. ಇನ್ನೊಂದು ಮನೆಯ ಪಾತ್ರೆ ಕೆಲಸವನ್ನೂ ಹಿಡಿದಿದ್ದಾರೆ.

ಗಂಡಸರ ಪಾಡು ಹಾಗೆಯೇ ಇದೆ. ಗಾರೆ ಕೆಲಸಕ್ಕೆ, ಬಣ್ಣ ಬಳಿಯುವುದಕ್ಕೆ ಹೋಗುವವರು 2025ರ ಜನವರಿಯಲ್ಲಿ ಬಸ್ ದರ ಶೇ 15ರಷ್ಟು ಏರಿದ ಮೇಲೆ ತಿಂಗಳ ಪಾಸಿಗೆ 1,050ರ ಬದಲು 1,200 ರೂಪಾಯಿ ಕೊಡುತ್ತಿದ್ದಾರೆ. ಎಲ್ಲಿ ಕೆಲಸವೆಂದು ಬೆಳಗ್ಗೆಯಷ್ಟೇ ಗೊತ್ತಾಗುವವರಿಗೆ ಅಷ್ಟೂ ಹಣವನ್ನು ಮುಂಗಡ ಕೊಡುವುದು ಸುಲಭವಲ್ಲ. ಮರುತಿಂಗಳು ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದಾಗ ನಮ್ಮ ಬಡಾವಣೆಯಲ್ಲಿ ಅದರ ಮಾತೇ ಬರಲಿಲ್ಲ. ಅಲ್ಲಿಗೆ ಮೆಟ್ರೋ ಬಂದೇ ಇಲ್ಲ.

ಈಗ ನೋಟ್‌ಪುಸ್ತಕದ ಹೊಸ ಪುಟಗಳಲ್ಲಿ ಸಂಜೆಯ ಹೊತ್ತು ತುಂಬುತ್ತಿದೆ. ಹಿಂದಿರುಗುವ ಬಸ್ ಎಂಟೂಕಾಲಿಗೆ ತಪ್ಪಿದರೆ ಮುಂದಿನದು ಒಂಬತ್ತೂವರೆಗೆ, ನೈಟ್ ಔಟ್ ಬಸ್ಸೇ. ನಡುವಿನ ಆ ಒಂದೂಕಾಲು ಗಂಟೆ ಹೆಂಗಸರು ಎಲ್ಲಿ ನಿಂತಿರುತ್ತಾರೆ, ಅಲ್ಲಿ ದೀಪವಿದೆಯೇ ಎಂಬುದಕ್ಕೆ ಹುಡುಗಿಯರೇ ಒಂದು ಕಲಂ ಎಳೆದಿದ್ದಾರೆ, ಮೇಲೊಂದು ಬಲ್ಬಿನ ಚಿತ್ರ ಬಿಡಿಸಿ.